ಎಸಿಯ ಬಿಸಿಗಾಳಿ, ಏರಿದ ಬಿಲ್ಲು: ಮಲೆನಾಡಿನ ಮನೆಗೊಂದು ದೋಷ ನಿವಾರಣೆ ಕೈಪಿಡಿ

ದೂರು ಹೆಚ್ಚೂಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಅಪ್ಪಯ್ಯನಿಗೆ ಚಳಿ ತಡೆಯುವುದಿಲ್ಲವೆಂದು ಮಲಗುವ ಕೋಣೆಗೆ ಹಾಟ್ ಅಂಡ್ ಕೋಲ್ಡ್ ಎಸಿ ಹಾಕಿಸಿದ್ದಾರೆ. ಇದು ಹೀಟ್ ಪಂಪ್, ರೂಮ್ ಹೀಟರಿನ ಮೂರರಲ್ಲೊಂದು ಪಾಲು ಕರೆಂಟು ಸಾಕು ಎಂದು ಅಂಗಡಿಯವರು ಹೇಳಿ ಕಳಿಸಿದ್ದಾರೆ. ಡಿಸೆಂಬರ್ ಕಳೆದು ಬಿಲ್ಲು ಬರುವಾಗ ಬಳಕೆ 200 ಯೂನಿಟ್ ದಾಟಿದೆ. ಸರಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಆ ಗೆರೆ ದಾಟಿದರೆ ಮೇಲಿನ ಯೂನಿಟ್‌ಗಳಿಗಷ್ಟೇ ಅಲ್ಲ, ಪೂರ್ತಿ ಬಿಲ್ಲಿಗೇ ಹಣ ಕಟ್ಟಬೇಕು. ಇಷ್ಟಾದರೂ ಕೋಣೆ ಬೆಚ್ಚಗಾಗಿಲ್ಲ. ಮೆಕ್ಯಾನಿಕ್ ಬಂದು ಗ್ಯಾಸ್ ಕಡಿಮೆಯಾಗಿದೆ ಎನ್ನುತ್ತಾರೆ, ತುಂಬಿಸಿ ಹೋಗುತ್ತಾರೆ, ಮುಂದಿನ ತಿಂಗಳ ಬಿಲ್ಲೂ ಹಾಗೇ ಬರುತ್ತದೆ.

ಗ್ಯಾಸಿನ ಮಾತು ಕೊನೆಗೆ ಬರಬೇಕಾದದ್ದು. ಅದಕ್ಕೂ ಮುಂಚೆ ಒಂದು ಭಾಗಾಕಾರ ಮಾಡಬೇಕು: ರಾತ್ರಿ ಖರ್ಚಾದ ಯೂನಿಟ್‌ಗಳನ್ನು ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರದಿಂದ ಭಾಗಿಸಬೇಕು. ತಪ್ಪು ರಿಮೋಟಿನದೋ, ಮನೆಯದೋ, ಯಂತ್ರದ್ದೋ ಎನ್ನುವುದನ್ನು ಈ ಒಂದು ಸಂಖ್ಯೆ ಬಹುಮಟ್ಟಿಗೆ ಹೇಳಿಬಿಡುತ್ತದೆ. ಉಳಿದದ್ದೆಲ್ಲ ಆ ಸಂಖ್ಯೆಯನ್ನು ಸರಿಯಾಗಿ ಪಡೆಯುವುದಕ್ಕೆ ಮತ್ತು ಅದು ಬೆರಳು ತೋರಿಸಿದ ಕಡೆಗೆ ಹೋಗುವುದಕ್ಕೆ.

ಮೊದಲು ಮೀಟರು

ಬಿಲ್ಲಿನ ರೂಪಾಯಿ ನೋಡಬೇಡಿ. ದರ, ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ ವೆಚ್ಚ ಇವೆಲ್ಲ ಬದಲಾಗುತ್ತಿರುತ್ತವೆ. ಯೂನಿಟ್ ನೋಡಿ, ಜೊತೆಗೆ ಹಿಂದಿನ ರೀಡಿಂಗಿನಿಂದ ಈ ರೀಡಿಂಗಿನವರೆಗೆ ಎಷ್ಟು ದಿನವಾಯಿತೆಂದು ನೋಡಿ. ಮೂವತ್ತನಾಲ್ಕು ದಿನದ ಬಿಲ್ಲನ್ನು ಇಪ್ಪತ್ತೊಂಬತ್ತು ದಿನದ ಬಿಲ್ಲಿನ ಪಕ್ಕದಲ್ಲಿಟ್ಟು ಎಸಿಯನ್ನು ಬೈಯುವವರು ಕಡಿಮೆಯೇನಿಲ್ಲ.

ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚು ಮಾಡಿರುತ್ತಾರೆ. ಅದು 3200 ಎಂದಿದ್ದರೆ ಹತ್ತು ಮಿನುಗಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನ ಗಡಿಯಾರದಲ್ಲಿ ಎಣಿಸಿ, 11,250ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬರುವ ಉತ್ತರವೇ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವಾಟ್. 1600 ಎಂದಿದ್ದರೆ 22,500ನ್ನು ಭಾಗಿಸಬೇಕು. ಹತ್ತು ಮಿನುಗಿಗೆ 15 ಸೆಕೆಂಡು ಹಿಡಿದರೆ 3200ರ ಮೀಟರಿನಲ್ಲಿ 750 ವಾಟ್ ಎಂದರ್ಥ.

ಈಗ ಎಸಿಯ ಎಂಸಿಬಿಯನ್ನು, ಎಂದರೆ ಫಲಕದಲ್ಲಿರುವ ಅದರ ರಕ್ಷಣಾ ಸ್ವಿಚ್ಚನ್ನು, ಕೆಳಗಿಳಿಸಿ ಮತ್ತೆ ಎಣಿಸಿ. ಫ್ರಿಜ್ಜು, ಒಂದೆರಡು ದೀಪ, ಮೊಬೈಲ್ ಚಾರ್ಜರು ಇಷ್ಟೇ ಇದ್ದರೆ ಉತ್ತರ 100ರಿಂದ 200 ವಾಟಿನೊಳಗೆ ಇರಬೇಕು. ಎಸಿ ಆರಿಸಿದ ಮೇಲೂ ದೀಪ ಪಟಪಟನೆ ಹೊಡೆದುಕೊಳ್ಳುತ್ತಿದ್ದರೆ ಕಳ್ಳ ಬೇರೆ ಕಡೆ ಇದ್ದಾನೆ. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಸುತ್ತಲೇ ಇರುವ ಗೀಸರ್ ಇರಬಹುದು. ವಾಲ್ವು ಸೋರಿ ಟ್ಯಾಂಕಿನ ನೀರೆಲ್ಲ ಬಾವಿಗೇ ಇಳಿಯುವುದರಿಂದ ಮತ್ತೆ ಮತ್ತೆ ಓಡುವ ಪಂಪಿರಬಹುದು. ಮಳೆಗಾಲದಲ್ಲಿ ನೆನೆದ ಗೋಡೆಯೊಳಗಿನ ಹಳೆಯ ವೈರಿಂಗಿನಿಂದ ನೆಲಕ್ಕೆ ಸೋರುತ್ತಿರುವ ಕರೆಂಟೂ ಇರಬಹುದು. ಕೊನೆಯದಾದರೆ ಬಿಲ್ಲಿನ ಚಿಂತೆ ಬಿಟ್ಟು ಜೀವದ ಚಿಂತೆ ಮಾಡಿ, ಅಂದೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಒಂದು ಡಿಗ್ರಿಯ ಬೆಲೆ

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಹೊರಗಿನ ತಣ್ಣನೆಯ ಗಾಳಿಯಲ್ಲೂ ಶಾಖವಿದೆ. ಅದನ್ನು ಹೀರಿ, ಕಂಪ್ರೆಸರಿನಲ್ಲಿ ಒತ್ತಿ ಬಿಸಿ ಹೆಚ್ಚಿಸಿ ಒಳಗೆ ಬಿಡುವುದು ಅದರ ಕೆಲಸ. ಹೀಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು, ಕೆಲವೊಮ್ಮೆ ನಾಲ್ಕು ಯೂನಿಟ್ ಶಾಖ ಸಿಗುತ್ತದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಎತ್ತಬೇಕಾದ ಎತ್ತರ ಹೆಚ್ಚಿದಷ್ಟೂ, ಎಂದರೆ ಹೊರಗೆ ತಣ್ಣಗಾದಷ್ಟೂ ಒಳಗೆ ನೀವು ಹೆಚ್ಚು ಬಿಸಿ ಕೇಳಿದಷ್ಟೂ, ಈ ಲಾಭ ಕರಗುತ್ತದೆ.

ಮಲೆನಾಡಿನ ಚಳಿಗೆ ಒಂದು ವಿಶೇಷವಿದೆ. ಡಿಸೆಂಬರ್, ಜನವರಿಯಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಗಿನ ಜಾವ 12ರಿಂದ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮಧ್ಯಾಹ್ನ ಮತ್ತೆ 28, 30ಕ್ಕೆ ಏರುತ್ತದೆ. ಹಿಮ ಬೀಳುವ ದೇಶಗಳ ಚಳಿಯ ಮುಂದೆ ಇದು ಏನೂ ಅಲ್ಲ. ಏನೂ ಅಲ್ಲದ ಕಾರಣಕ್ಕೇ ಇಲ್ಲಿ ರಿಮೋಟಿನ ಒಂದು ಡಿಗ್ರಿ ದುಬಾರಿ. ಹೊರಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗಿದ್ದು ಒಳಗೆ 20 ಇಟ್ಟುಕೊಂಡವರಿಗೆ ಅಂತರ 25. ಅವರು ಒಂದು ಡಿಗ್ರಿ ಹೆಚ್ಚಿಸಿದರೆ ಶಾಖದ ಬೇಡಿಕೆ ನೂರಕ್ಕೆ ನಾಲ್ಕರಷ್ಟು ಏರುತ್ತದೆ. ಹೊರಗೆ 13 ಇರುವಾಗ 20 ಇಟ್ಟುಕೊಂಡ ನಮಗೆ ಅಂತರ ಬರೀ 7. ಒಂದು ಡಿಗ್ರಿ ಏರಿಸಿದರೆ ಬೇಡಿಕೆ ನೂರಕ್ಕೆ ಹದಿನಾಲ್ಕರಷ್ಟು ಏರುತ್ತದೆ. ವಿದೇಶದ ಸಲಹೆಗಳನ್ನು ಓದಿ ಒಂದೆರಡು ಡಿಗ್ರಿಯಿಂದ ಏನಾದೀತು ಎಂದುಕೊಂಡವರು ಮೋಸ ಹೋಗುವುದು ಇಲ್ಲಿ.

ಲೆಕ್ಕಕ್ಕೆ ಒಂದು ಕೋಣೆ ತೆಗೆದುಕೊಳ್ಳೋಣ. ಸಂದಿಗೊಂದಿಗಳಿರುವ ಹಳೆಯ ಕೋಣೆ. ಪ್ರತಿ ಡಿಗ್ರಿ ಅಂತರಕ್ಕೆ 150 ವಾಟ್ ಶಾಖ ಹೊರಗೆ ಹೋಗುತ್ತದೆ ಎನ್ನಿ. ಹೊರಗೆ 13, ಒಳಗೆ 20 ಇದ್ದರೆ ಬೇಕಾಗುವ ಶಾಖ 1050 ವಾಟ್. ಯಂತ್ರ ಮೂರೂವರೆ ಪಟ್ಟು ಕೊಡುತ್ತಿದ್ದರೆ ಎಳೆಯುವ ಕರೆಂಟು 300 ವಾಟ್, ಹತ್ತು ಗಂಟೆಯ ರಾತ್ರಿಗೆ 3 ಯೂನಿಟ್. ಅದೇ ಕೋಣೆಯನ್ನು 26ಕ್ಕೆ ಇಟ್ಟರೆ ಬೇಕಾಗುವ ಶಾಖ 1950 ವಾಟ್, ಲಾಭ ಮೂರು ಪಟ್ಟಿಗೆ ಇಳಿಯಿತು ಎಂದುಕೊಂಡರೆ ಕರೆಂಟು 650 ವಾಟ್, ರಾತ್ರಿಗೆ ಆರೂವರೆ ಯೂನಿಟ್. ತಿಂಗಳಿಗೆ 90 ಯೂನಿಟ್ ಒಂದು ಕಡೆ, 195 ಇನ್ನೊಂದು ಕಡೆ. ಯಂತ್ರ ಎರಡೂ ಸಲ ಸರಿಯಾಗಿಯೇ ಕೆಲಸ ಮಾಡಿದೆ. ಹಳೆಯ ಕಾಯಿಲ್ ಹೀಟರಿನಲ್ಲಾದರೆ 20 ಡಿಗ್ರಿಗೇ ರಾತ್ರಿಗೆ ಹತ್ತೂವರೆ ಯೂನಿಟ್ ಹೋಗುತ್ತಿತ್ತು ಎನ್ನುವುದೂ ನೆನಪಿರಲಿ.

ಹಾಗಾದರೆ ಎಷ್ಟಕ್ಕೆ ಇಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2018ರ ವಸತಿ ಮತ್ತು ಆರೋಗ್ಯ ಮಾರ್ಗಸೂಚಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ, ವಯಸ್ಸಾದವರಿಗೆ ಇನ್ನಷ್ಟು ಬೇಕಾದೀತು ಎನ್ನುತ್ತದೆ. ಹಿರಿಯರ ಕೋಣೆಗೆ 20, 21 ಸಾಕು, ಮೇಲೊಂದು ಕಂಬಳಿ ಇದ್ದೇ ಇರುತ್ತದೆ. 24ರ ಬಗ್ಗೆ ಒಂದು ಗೊಂದಲವಿದೆ. 2020ರ ಜನವರಿ 1ರಿಂದ ಕೋಣೆಯ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂದು ಸರಕಾರ ನಿಯಮ ಮಾಡಿದ್ದು ತಂಪು ಮಾಡುವಾಗಿನ ಉಳಿತಾಯಕ್ಕೆ. ಬಿಸಿ ಮಾಡುವಾಗ ಅದೇ 24 ದುಂದಿನ ಅಂಕಿ. ನಕ್ಷತ್ರದ ಚೀಟಿಯೂ ಹಾಗೇ: ಅದರ ಮೇಲಿನ ದಕ್ಷತೆಯ ಅಂಕಿಯನ್ನು ತಂಪು ಮಾಡುವ ಕೆಲಸಕ್ಕಷ್ಟೇ ಲೆಕ್ಕ ಹಾಕಿರುತ್ತಾರೆ. ಐದು ನಕ್ಷತ್ರದ ಎಸಿ ಚಳಿಗಾಲದಲ್ಲೂ ಐದು ನಕ್ಷತ್ರದ್ದೇ ಎಂಬ ಭರವಸೆ ಆ ಚೀಟಿಯಲ್ಲಿ ಇಲ್ಲ.

ರಿಮೋಟಿನ ಅಂಕಿಯನ್ನು ನಂಬಬೇಡಿ

ರಿಮೋಟಿನಲ್ಲಿ 22 ಎಂದಿದೆ, ಅಪ್ಪಯ್ಯ ಚಳಿ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಎಸಿಯ ತಾಪ ಸಂವೇದಕ ಇರುವುದು ಗೋಡೆಯ ಮೇಲ್ಭಾಗದಲ್ಲಿ, ಯಂತ್ರದ ಒಳಗೇ. ಬಿಸಿಗಾಳಿ ಮೇಲೇರಿ ಅಲ್ಲಿಯೇ ಗುಂಪುಗೂಡುತ್ತದೆ. ಅಲ್ಲಿ 22 ಆದಾಗ ಮಂಚದ ಎತ್ತರದಲ್ಲಿ 18 ಇದ್ದರೂ ಇರಬಹುದು. ಇದನ್ನು ಸರಿದೂಗಿಸಲು ಹಲವು ಯಂತ್ರಗಳಲ್ಲಿ ಬಿಸಿ ಮಾಡುವಾಗ ಎರಡು ಮೂರು ಡಿಗ್ರಿ ಹೆಚ್ಚಿಗೆ ಲೆಕ್ಕ ಹಿಡಿಯುವ ಏರ್ಪಾಡಿರುತ್ತದೆ, ಅದೂ ಎಲ್ಲ ಕೋಣೆಗೆ ಸರಿಹೊಂದುವುದಿಲ್ಲ. ಆದ್ದರಿಂದ ತಾಪಮಾನ, ತೇವಾಂಶ ಎರಡನ್ನೂ ತೋರಿಸುವ ಒಂದು ಪುಟ್ಟ ಡಿಜಿಟಲ್ ಮಾಪಕ ಕೊಂಡು ತಲೆದಿಂಬಿನ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಆಧಾರ.

ಎಸಿಯ ಬಾಯಲ್ಲಿ ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆಗಳನ್ನು ಪೂರ್ತಿ ಕೆಳಮುಖ ಮಾಡಿ, ಬಿಸಿಗಾಳಿ ನೆಲಕ್ಕೆ ಬಡಿಯಲಿ. ಫ್ಯಾನಿನ ವೇಗ ಮಧ್ಯಮಕ್ಕಿಂತ ಕಡಿಮೆ ಬೇಡ. ಗಾಳಿ ಮೈಗೆ ತಣ್ಣಗೆ ಹತ್ತುತ್ತದೆಂದು ವೇಗ ಇಳಿಸುವವರಿದ್ದಾರೆ. ಇಳಿಸಿದರೆ ಒಳಗಿನ ಕಾಯಿಲಿನ ಶಾಖ ಕೋಣೆಗೆ ಇಳಿಯದೆ ಒತ್ತಡ ಏರಿ ಕಂಪ್ರೆಸರ್ ಹೆಚ್ಚು ಕರೆಂಟು ತಿನ್ನುತ್ತದೆ. ಬೇಗ ಬೆಚ್ಚಗಾಗಲಿ ಎಂದು 30 ಒತ್ತುವುದೂ ವ್ಯರ್ಥ. ಹಳೆಯ ಮಾದರಿಯ ಯಂತ್ರ ಯಾವ ಅಂಕಿಗಾದರೂ ಒಂದೇ ವೇಗದಲ್ಲಿ ಓಡುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ ಅಷ್ಟೆ. ಬೇಕಾದಷ್ಟಕ್ಕೆ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಎಸಿಯಾದರೆ ಪೂರ್ಣ ವೇಗಕ್ಕೆ ಏರುತ್ತದೆ, ಅದರ ಲಾಭ ಅತ್ಯಂತ ಕಡಿಮೆ ಇರುವುದು ಆ ವೇಗದಲ್ಲೇ. ಮಲಗುವ ಒಂದು ಗಂಟೆ ಮುಂಚೆ ಹಾಕಿ 20, 21ರಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಹಗಲು ಆರಿಸಿ. ಬಿಸಿಲು ಪುಕ್ಕಟೆ ಬರುವ ಊರಿನಲ್ಲಿ ಹಗಲು ಹೀಟ್ ಪಂಪ್ ಓಡಿಸುವುದಕ್ಕೆ ಕಾರಣವೇ ಇಲ್ಲ.

ಕೆಲವು ರಿಮೋಟುಗಳಲ್ಲೇ ಸಂವೇದಕವಿದ್ದು, ಒಂದು ಗುಂಡಿ ಒತ್ತಿದರೆ ಯಂತ್ರ ತನ್ನ ಸಂವೇದಕ ಬಿಟ್ಟು ರಿಮೋಟಿನ ಮಾತು ಕೇಳುತ್ತದೆ. ಒಳ್ಳೆಯ ಸೌಲಭ್ಯ, ಆದರೆ ಆ ರಿಮೋಟು ಕಿಟಕಿಯ ದಂಡೆಯ ಮೇಲೆ ಬಿದ್ದಿದ್ದರೆ ಯಂತ್ರ ರಾತ್ರಿಯಿಡೀ ಕಿಟಕಿಯನ್ನು ಬೆಚ್ಚಗೆ ಮಾಡಲು ಹೆಣಗುತ್ತದೆ. ಗುಂಡಿ ಒತ್ತಿದೆಯೇ ಎಂದು ನೋಡಿ. ಹಾಗೆಯೇ ಮೋಡ್ 'ಆಟೋ'ದಲ್ಲಿ ಇರಕೂಡದು. ಬೆಳಿಗ್ಗೆ ಬಿಸಿಲೇರಿದಾಗ ಅದು ತಾನಾಗಿ ತಂಪಿಗೆ ತಿರುಗಿಕೊಳ್ಳುತ್ತದೆ. ಸೂರ್ಯನ ಚಿತ್ರವಿರುವ ಹೀಟ್ ಮೋಡಿನಲ್ಲೇ ಇಡಿ.

ಭಾಗಾಕಾರ

ಇನ್ನು ಪರೀಕ್ಷೆ. ರಾತ್ರಿ ಮಲಗುವಾಗ ಮೀಟರ್ ರೀಡಿಂಗ್, ಮಂಚದ ಬಳಿಯ ತಾಪಮಾನ, ಹೊರಗಿನ ತಾಪಮಾನ ಬರೆದುಕೊಳ್ಳಿ. ಎದ್ದ ಕೂಡಲೇ ಮತ್ತೊಮ್ಮೆ. ಎಸಿಯಿಲ್ಲದ ಒಂದು ರಾತ್ರಿಯ ಬಳಕೆಯನ್ನು ಕಳೆದರೆ ಎಸಿಯ ಯೂನಿಟ್ ಉಳಿಯುತ್ತದೆ. ಅದನ್ನು ಸರಾಸರಿ ಅಂತರದಿಂದ ಭಾಗಿಸಿ. ಮೇಲಿನ ಲೆಕ್ಕದ ಕೋಣೆಯಲ್ಲಿ 3 ಯೂನಿಟ್, 7 ಡಿಗ್ರಿ, ಉತ್ತರ ಸುಮಾರು 0.43. ಆರೂವರೆ ಯೂನಿಟ್, 13 ಡಿಗ್ರಿ ಎಂದಾದರೆ 0.5. ನಿಮ್ಮ ಕೋಣೆಯ ಅಂಕಿ ಬೇರೆ ಇರುತ್ತದೆ, ಅದು ತೊಂದರೆಯಿಲ್ಲ. ನೋಡಬೇಕಾದದ್ದು ಅಂಕಿ ಹೇಗೆ ವರ್ತಿಸುತ್ತದೆ ಎಂಬುದನ್ನು.

ಕೆಲವು ರಾತ್ರಿ 24ರಲ್ಲಿ, ಕೆಲವು ರಾತ್ರಿ 20ರಲ್ಲಿ ಇಟ್ಟು ನೋಡಿ. ಯೂನಿಟ್ ಏರಿಳಿದರೂ ಭಾಗಲಬ್ಧ ಹೆಚ್ಚೂಕಡಿಮೆ ನಿಂತಲ್ಲೇ ನಿಂತರೆ, ಅಂಕಿಯೂ ಸಣ್ಣದಿದ್ದರೆ, ಯಂತ್ರಕ್ಕೂ ಮನೆಗೂ ದೋಷವಿಲ್ಲ. ರಿಮೋಟನ್ನು ಇಳಿಸಿದರೆ ಬಿಲ್ಲು ಇಳಿಯುತ್ತದೆ, ಮೆಕ್ಯಾನಿಕ್ ಬೇಡ. ಭಾಗಲಬ್ಧವೇ 0.8, 1 ಎಂದು ದೊಡ್ಡದಾಗಿದ್ದರೆ ಇನ್ನೊಂದು ಪರೀಕ್ಷೆ: ಬೆಳಗಿನ ಜಾವ ಎಸಿ ಆರಿಸಿ, ಬಾಗಿಲು ಮುಚ್ಚಿಯೇ ಇಟ್ಟು ಅರ್ಧ ಗಂಟೆ ಮಾಪಕ ನೋಡಿ. 20ರಿಂದ 16ಕ್ಕೆ ಧೊಪ್ಪನೆ ಇಳಿದರೆ ಸೋರುತ್ತಿರುವುದು ಮನೆ. ನಿಧಾನ ಇಳಿದರೆ ಮನೆ ಸರಿಯಿದೆ, ಯಂತ್ರವನ್ನು ಹಿಡಿಯಿರಿ.

ಸೋರುವ ಮನೆ

ಮುಚ್ಚಿಗೆಯಿಲ್ಲದ, ಎಂದರೆ ಮಾಡಿನ ಕೆಳಗೆ ಒಳಚಾವಣಿ ಇಲ್ಲದ, ಹೆಂಚಿನ ಕೋಣೆಗೆ ಎಸಿ ಹಾಕಿಸಿದ್ದರೆ ಹೆಚ್ಚು ಪರೀಕ್ಷೆ ಬೇಡ. ಹೆಂಚು ಉಸಿರಾಡುವುದಕ್ಕೆಂದೇ ಆದದ್ದು, ಬಿಸಿಗಾಳಿ ಅದರ ಸಂದುಗಳಲ್ಲಿ ಹೊರಟುಹೋಗುತ್ತದೆ. ಮೊದಲು ಮರದ ಮುಚ್ಚಿಗೆಯನ್ನೋ ಜಿಪ್ಸಮ್ ಹಲಗೆಯನ್ನೋ ಹಾಕಿಸಬೇಕು. ಮುಚ್ಚಿಗೆ ಇದ್ದ ಮನೆಗಳಲ್ಲಿ ಹಲಗೆಗಳ ನಡುವಿನ ಬಿರುಕು, ಗೋಡೆಯ ತಲೆಗೂ ಮಾಡಿಗೂ ನಡುವಿನ ತೆರಪು, ಬಾಗಿಲಿನ ಅಡಿಯ ಸಂದು, ಎಸಿಯ ಕೊಳವೆ ಹೊರಗೆ ಹೋಗಲು ಕೊರೆದ ತೂತು ಇಷ್ಟನ್ನು ಊದುಬತ್ತಿ ಹಿಡಿದು ನೋಡಿ. ಹೊಗೆ ಎತ್ತ ಎಳೆಯುತ್ತದೋ ಅತ್ತ ಶಾಖ ಹೋಗುತ್ತಿದೆ. ಜಂಬಿಟ್ಟಿಗೆಯ ದಪ್ಪ ಗೋಡೆಯನ್ನು ದೂರುವವರಿದ್ದಾರೆ. ಅದು ಮೊದಮೊದಲು ಹೆಚ್ಚು ಶಾಖ ಕುಡಿಯುತ್ತದೆ ನಿಜ, ಆಮೇಲೆ ತಂಟೆ ಕಡಿಮೆಯಾಗುತ್ತದೆ.

ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು, ಒಂದೇ ಒಂದು ರಾತ್ರಿಗೂ ಕೂಡದು. ಹಳೆಯ ಮನೆಯಲ್ಲಿ ಅದು ನಡೆಯುತ್ತಿದ್ದದ್ದು ಮನೆ ಸೋರುತ್ತಿದ್ದುದರಿಂದ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಎಸಿ ಇದೆಯಲ್ಲ ಎಂದು ಸುಮ್ಮನಿರದೆ ಕರೆಂಟು ಹೋದ ರಾತ್ರಿಗೂ ಈ ಮಾತನ್ನು ಮನೆಯವರಿಗೆಲ್ಲ ಹೇಳಿಡಿ.

ಯಂತ್ರದ ಸರದಿ

ಮೊದಲು ಫಿಲ್ಟರ್. ಒಲೆಯ ಹೊಗೆ, ಅಡಿಕೆ ಸುಲಿಯುವ ಕಾಲದ ಧೂಳು, ಮಳೆಗಾಲದ ಬೂಷ್ಟು ಮೂರೂ ಸೇರಿದ ನಮ್ಮ ಕಡೆಯ ಫಿಲ್ಟರನ್ನು ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ ತೊಳೆದರೂ ಹೆಚ್ಚಲ್ಲ. ಆಮೇಲೆ ಹೊರಗಿನ ಪೆಟ್ಟಿಗೆ. ಜೇಡರ ಬಲೆ, ತರಗೆಲೆ, ಪಕ್ಕದಲ್ಲಿ ಒಟ್ಟಿದ ಕಟ್ಟಿಗೆ ತೆಗೆಯಿರಿ. ಸೂರಿನ ಕೆಳಗೆ ಮೂರು ಕಡೆ ಗೋಡೆಯಿರುವ ಮೂಲೆಯಲ್ಲಿ ಅದನ್ನು ಕೂರಿಸಿದ್ದರೆ ತಾನು ಉಗುಳಿದ ತಣ್ಣನೆಯ ಗಾಳಿಯನ್ನೇ ಮತ್ತೆ ನುಂಗುತ್ತಿರುತ್ತದೆ. ಅದನ್ನು ಬಯಲಿಗೆ ಸರಿಸದೆ ಬೇರೆ ಯಾವ ರಿಪೇರಿಯಿಂದಲೂ ಉಪಯೋಗವಿಲ್ಲ.

ದೋಷವಲ್ಲದ್ದನ್ನು ದೋಷವೆಂದು ತಿಳಿಯುವುದೂ ಉಂಟು. ಬಿಸಿ ಮಾಡುವಾಗ ಹೊರಗಿನ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತದೆ. ಬೇಸಗೆಯಲ್ಲಿ ಒಳಗೆ ಕಟ್ಟುತ್ತಿದ್ದ ನೀರು ಈಗ ಹೊರಗೆ ಕಟ್ಟುತ್ತಿದೆ, ಅಷ್ಟೆ. ಗ್ಯಾಸು ನೀರಾಗಿ ಸೋರುವುದಿಲ್ಲ. ಎಸಿ ಹಾಕಿದ ಮೊದಲ ಒಂದೆರಡು ನಿಮಿಷ ಒಳಗಿನ ಫ್ಯಾನು ತಿರುಗದಿದ್ದರೂ ಗಾಬರಿ ಬೇಡ, ಕಾಯಿಲು ಬಿಸಿಯಾಗುವುದನ್ನು ಕಾಯುತ್ತಿರುತ್ತದೆ.

ಹೊರಗಿನ ಕಾಯಿಲಿನ ಮೇಲೆ ಹಿಮ ಕಂಡರೆ ಮಾತ್ರ ನಿಂತು ನೋಡಬೇಕು. ತೀರ ತಣ್ಣನೆಯ ಊರುಗಳಲ್ಲಿ ಹಿಮ ಕಟ್ಟುವುದು, ಯಂತ್ರ ಆಗಾಗ ತಾನೇ ಅದನ್ನು ಕರಗಿಸಿಕೊಳ್ಳುವುದು ಮಾಮೂಲು. ಹೊರಗೆ 13 ಡಿಗ್ರಿ ಇರುವಾಗ ಆರೋಗ್ಯವಾಗಿರುವ ಕಾಯಿಲು ಸೊನ್ನೆಗಿಂತ ಕೆಳಗೆ ಇಳಿಯಬಾರದು. ಮಲೆನಾಡಿನಲ್ಲಿ ಹಿಮ ಕಂಡರೆ ಅದು ರೋಗಲಕ್ಷಣ. ಕಾಯಿಲಿನ ಒಂದು ಮೂಲೆಯಲ್ಲಿ ಮಾತ್ರ ಬೆಳ್ಳಗೆ ಕಟ್ಟಿದ್ದರೆ ಗ್ಯಾಸಿನ ಕೊರತೆಯನ್ನು ಅನುಮಾನಿಸಿ. ಇಡೀ ಮುಖಕ್ಕೆ ಸಮನಾಗಿ ಕಟ್ಟಿದ್ದರೆ ಗಾಳಿ ಸಾಕಾಗುತ್ತಿಲ್ಲ: ಕಸವೋ, ಫ್ಯಾನ್ ಮೋಟರೋ, ಮೂಲೆಯೋ.

ಬಿಸಿ ಬಾರದಿರುವುದಕ್ಕೆ ಇನ್ನೊಂದು ಕಾರಣ ಹೊರಗಿನ ಪೆಟ್ಟಿಗೆಯೊಳಗಿನ ಫೋರ್-ವೇ ವಾಲ್ವ್, ಗ್ಯಾಸಿನ ದಿಕ್ಕು ತಿರುಗಿಸುವ ಭಾಗ. ಎಸಿ ಹೀಟ್ ಮೋಡಿನಲ್ಲಿ ಹತ್ತು ನಿಮಿಷ ಓಡಿದ ಮೇಲೆ ಎರಡು ತಾಮ್ರದ ಕೊಳವೆಗಳಲ್ಲಿ ದಪ್ಪನೆಯದು ಕೈ ಸುಡುವಷ್ಟು ಬಿಸಿಯಿರಬೇಕು. ಮುಟ್ಟುವಾಗ ಬೆರಳ ತುದಿಯಿಂದಷ್ಟೇ ತಾಗಿಸಿ. ಅದು ತಣ್ಣಗಿದ್ದರೆ ವಾಲ್ವು ತಿರುಗಿಲ್ಲ, ಚಳಿಯಲ್ಲೂ ಕೋಣೆಯನ್ನು ತಂಪು ಮಾಡುತ್ತಿದೆ. ನಮಗೊಂದು ಅನುಕೂಲವಿದೆ: ಜನವರಿಯ ಮಧ್ಯಾಹ್ನವೂ 29 ಡಿಗ್ರಿ ಇರುವುದರಿಂದ ಅದೇ ದಿನ ತಂಪಿನ ಪರೀಕ್ಷೆಯನ್ನೂ ಮಾಡಬಹುದು. ಮಧ್ಯಾಹ್ನ ಚೆನ್ನಾಗಿ ತಂಪು ಮಾಡಿ ರಾತ್ರಿ ಬಿಸಿ ಮಾಡದಿದ್ದರೆ ಗ್ಯಾಸ್ ಬಹುತೇಕ ಸರಿಯಿದೆ, ವಾಲ್ವನ್ನೋ ಸಂವೇದಕವನ್ನೋ ನೋಡಬೇಕು. ಎರಡೂ ಮಂಕಾಗಿದ್ದರೆ ಆಗ ಗ್ಯಾಸಿನ ಮಾತು.

ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ತೂತು ಮುಚ್ಚದೆ ತುಂಬಿಸಿದ್ದು ಮತ್ತೆ ಸೋರುತ್ತದೆ. ಮೆಕ್ಯಾನಿಕ್ ನೈಟ್ರೋಜನ್ ತುಂಬಿ ಸೋರಿಕೆ ಹುಡುಕಬೇಕು, ವ್ಯಾಕ್ಯೂಮ್ ಎಳೆಯಬೇಕು, ಪೆಟ್ಟಿಗೆಯ ಚೀಟಿಯಲ್ಲಿ ನಮೂದಿಸಿದಷ್ಟು ಗ್ರಾಮನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ತಕ್ಕಡಿಯಿಲ್ಲದೆ ಬಂದವರಿಗೆ ಚಹಾ ಕೊಟ್ಟು ಕಳಿಸಿ. ಹೊಸ ಯಂತ್ರಗಳಲ್ಲಿರುವ ಆರ್-32 ಎಂಬ ಗ್ಯಾಸು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು, ಮುಚ್ಚಿದ ಕೋಣೆಯಲ್ಲಿ ಅದರ ಹತ್ತಿರ ಬೆಂಕಿಯ ಕೆಲಸ ಮಾಡಲು ಬಿಡಬೇಡಿ. ಕೆಲಸ ಮುಗಿದ ಮೇಲೆ ಅದೇ ಭಾಗಾಕಾರವನ್ನು ಮತ್ತೆ ಮಾಡಿ. ಸಂಖ್ಯೆ ಇಳಿಯದಿದ್ದರೆ ರಿಪೇರಿ ಆಗಿಲ್ಲ.

ವೋಲ್ಟೇಜಿನ ಮೇಲೆ ತಪ್ಪು ಹೊರಿಸುವುದು ನಮ್ಮ ಕಡೆ ರೂಢಿ. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಇರುವ ಜಿಲ್ಲೆಯಲ್ಲಿ ಸಂಜೆ ದೀಪ ಮಂಕಾದರೆ ಸಿಟ್ಟು ಬರುವುದು ಸಹಜ. ಆದರೆ 180 ವೋಲ್ಟಿನಲ್ಲಿ ಇನ್ವರ್ಟರ್ ಎಸಿ ಅಷ್ಟೇ ವಾಟಿಗೆ ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ, ಮೀಟರು ಎಣಿಸುವುದು ವಾಟನ್ನು. ಬಿಲ್ಲು ಇದರಿಂದ ಹೆಚ್ಚೇನೂ ಏರದು. ಸಡಿಲವಾದ ತಿರುಪು, ತೆಳ್ಳನೆಯ ವೈರು ಬಿಸಿಯಾಗುವ ಅಪಾಯ ಇದೆ, ಪ್ಲಗ್ಗು ಕಂದಿದೆಯೇ ಎಂದು ನೋಡುತ್ತಿರಿ.

ಮಳೆಗಾಲಕ್ಕೆ ಈ ಭಾಗಾಕಾರ ಕೆಲಸಕ್ಕೆ ಬಾರದು. ಆಗಸ್ಟಿನಲ್ಲಿ ಹೊರಗೂ ಒಳಗೂ 21 ಇರುವಾಗ ಅಂತರವೇ ಸೊನ್ನೆ. ಆಗ ಕಾಡುವುದು ಥಂಡಿ, ಎಂದರೆ ಗಾಳಿಯ ತೇವ. 21 ಡಿಗ್ರಿಯಲ್ಲಿ ನೂರಕ್ಕೆ 95 ತೇವಾಂಶವಿರುವ ಗಾಳಿಯನ್ನು 25ಕ್ಕೆ ಕಾಯಿಸಿದರೆ ಮಾಪಕ ಸುಮಾರು 75 ತೋರಿಸುತ್ತದೆ, ನೀರು ಮಾತ್ರ ಕೋಣೆಯಲ್ಲೇ ಇರುತ್ತದೆ, ಕಿಟಕಿ ತೆರೆದರೆ ಇನ್ನಷ್ಟು ಬರುತ್ತದೆ. ಹಾಸಿಗೆ, ಪುಸ್ತಕ, ಬಟ್ಟೆಗೆ ಬೂಷ್ಟು ಹಿಡಿಯದಿರಲು ಡ್ರೈ ಮೋಡಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಓಡಿಸಿ, ಮಾಪಕ 65ರ ಹತ್ತಿರ ಬಂದಾಗ ಆರಿಸಿ. ಡ್ರೈ ಮೋಡ್ ಕೋಣೆಯನ್ನು ತುಸು ತಣ್ಣಗೂ ಮಾಡುವುದರಿಂದ ಹಿರಿಯರು ಆ ಹೊತ್ತು ಜಗಲಿಯಲ್ಲಿರಲಿ.